ಜಠರ ಕ್ಯಾನ್ಸರ್‌ನ ಕಾಂಡಕೋಶ ಗುರುತುಗಳು: ಗಡ್ಡೆಯ ತುಣುಕಿನಿಂದ ಪುರಾವೆಯವರೆಗೆ

ಜಠರದ ಗಡ್ಡೆಯನ್ನು ಬಿಡಿ ಕೋಶಗಳಾಗಿ ಒಡೆದು, ಪೊರೆಯ ಮೇಲಿನ ಸಿಡಿ44 ಪ್ರೋಟೀನನ್ನು ಹಿಡಿಯುವ, ಹೊಳೆಯುವ ಬಣ್ಣದ ಆ್ಯಂಟಿಬಾಡಿ ಹಾಕಿ, ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರಿಗೆ ಕೊಟ್ಟರೆ ಒಂದಷ್ಟು ಕೋಶಗಳು ಹೊಳೆದೇ ಹೊಳೆಯುತ್ತವೆ. ಅವನ್ನೆಲ್ಲ 'ಕ್ಯಾನ್ಸರ್ ಕಾಂಡಕೋಶ' ಎಂದು ಕರೆದುಬಿಡುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಗುರುತು ಎನ್ನುವುದು ಮನೆಯ ಮುಂದಿನ ಬೋರ್ಡು ಮಾತ್ರ. ಒಳಗೆ ಯಾರಿದ್ದಾರೆ ಎಂದು ತಿಳಿಯಲು ಬಾಗಿಲು ತಟ್ಟಲೇಬೇಕು.

ಕಾಂಡಕೋಶ ಎನ್ನಿಸಿಕೊಳ್ಳಲು ಎರಡು ಸಾಮರ್ಥ್ಯ ಬೇಕು. ಒಂದು, ತನ್ನಂತಹದೇ ಕೋಶವನ್ನು ಮತ್ತೆ ಹುಟ್ಟಿಸುವುದು. ಎರಡು, ಮೂಲ ಗಡ್ಡೆಯಲ್ಲಿದ್ದ ಬಗೆಬಗೆಯ ಕೋಶಗಳನ್ನೆಲ್ಲ ಮರಳಿ ಕಟ್ಟುವುದು. 1997ರಲ್ಲಿ ರಕ್ತ ಕ್ಯಾನ್ಸರ್‌ನಲ್ಲಿ, 2003ರಲ್ಲಿ ಸ್ತನ ಕ್ಯಾನ್ಸರ್‌ನಲ್ಲಿ ಇದೇ ಅಳತೆಗೋಲು ಬಳಕೆಯಾಯಿತು. 2009ರಲ್ಲಿ ಜಠರ ಕ್ಯಾನ್ಸರ್‌ನ ಕೆಲವು ಕೋಶಸಾಲುಗಳಲ್ಲಿ (ಪ್ರಯೋಗಾಲಯದಲ್ಲಿ ಬೆಳೆಸುತ್ತಲೇ ಬಂದ ಕೋಶಗಳಲ್ಲಿ) ಸಿಡಿ44 ಇರುವ ಕೋಶಗಳೇ ದ್ರವದಲ್ಲಿ ತೇಲುತ್ತ ಗೋಳ ಕಟ್ಟುತ್ತವೆ, ಇಲಿಯಲ್ಲಿ ಗಡ್ಡೆ ಬೆಳೆಸುತ್ತವೆ ಎಂದು ತೋರಿಸಿದಾಗಲೂ ಪುರಾವೆಯಾದದ್ದು ಆ ಕೋಶಗಳ ಕೆಲಸವೇ ಹೊರತು ಅವುಗಳ ಬಣ್ಣವಲ್ಲ. ಕೆಳಗಿನ ಹಂತಗಳು ಬಣ್ಣದಿಂದ ಕೆಲಸದ ಕಡೆಗೆ ಸಾಗುತ್ತವೆ.

ಯಾವ ಗುರುತು ಆರಿಸಬೇಕು

ಸಿಡಿ44 ಇಲ್ಲದೆ ಈ ಕೆಲಸ ನಡೆಯುವುದಿಲ್ಲ, ಸಿಡಿ44 ಒಂದರಿಂದಲೇ ಮುಗಿಯುವುದೂ ಇಲ್ಲ. ಇದು ಹೈಯಲುರೊನಾನ್ ಎಂಬ ಸಕ್ಕರೆ ಸರಪಳಿಯನ್ನು ಹಿಡಿಯುವ ಗ್ರಾಹಿ. ಇದರ ಜೀನ್ 11ನೇ ವರ್ಣತಂತುವಿನಲ್ಲಿದೆ. ಒಂದೇ ಜೀನ್‌ನ ಎಕ್ಸಾನ್ ಎಂಬ ತುಂಡುಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಯಾಗಿ ಹಲವು ರೂಪಗಳು ಹುಟ್ಟುತ್ತವೆ. ಹೆಚ್ಚುವರಿ ಎಕ್ಸಾನ್ ಇಲ್ಲದ ಸಾಮಾನ್ಯ ರೂಪ ಒಂದು, ಎಕ್ಸಾನ್ ಸೇರಿಕೊಂಡ ವೇರಿಯಂಟ್ ರೂಪಗಳು ಹಲವು. ಜಠರದಲ್ಲಿ ಮುಖ್ಯವಾದದ್ದು 8ರಿಂದ 10ರವರೆಗಿನ ವೇರಿಯಂಟ್ ಎಕ್ಸಾನ್ ಹೊತ್ತ ರೂಪ. ಪ್ರಯೋಗಾಲಯಗಳಲ್ಲಿ ಇದನ್ನು 'ವಿ9' ಎನ್ನುತ್ತಾರೆ. ಈ ರೂಪ ಕೋಶಪೊರೆಯಲ್ಲಿರುವ ಎಕ್ಸ್‌ಸಿಟಿ ಎಂಬ ಸಾಗಣೆ ಪ್ರೋಟೀನನ್ನು ಸ್ಥಿರಗೊಳಿಸುತ್ತದೆ. ಆಗ ಸಿಸ್ಟೀನ್ ಹೆಚ್ಚಾಗಿ ಒಳಬರುತ್ತದೆ, ಗ್ಲುಟಾಥಯೋನ್ ಹೆಚ್ಚುತ್ತದೆ, ಆಮ್ಲಜನಕದ ಉಗ್ರ ಅಣುಗಳ ಹೊಡೆತವನ್ನು ಕೋಶ ತಡೆದುಕೊಳ್ಳುತ್ತದೆ. 2011ರಲ್ಲಿ ಸ್ಪಷ್ಟವಾದ ಈ ವಿವರಣೆಯಿಂದಲೇ ಸಲ್ಫಾಸಲಜೀನ್ ಎಂಬ ಹಳೆಯ ಔಷಧಿ ಮತ್ತೆ ಚರ್ಚೆಗೆ ಬಂತು. ಅದು ಎಕ್ಸ್‌ಸಿಟಿಯನ್ನು ತಡೆಯುತ್ತದೆ.

ಆದ್ದರಿಂದ ಆ್ಯಂಟಿಬಾಡಿ ತರಿಸುವ ಮೊದಲೇ ತೀರ್ಮಾನಿಸಿ: ಎಲ್ಲ ರೂಪಗಳನ್ನೂ ಹಿಡಿಯುವ ಕ್ಲೋನ್ (ಆ್ಯಂಟಿಬಾಡಿಯ ನಿರ್ದಿಷ್ಟ ಬಗೆ) ಬೇಕೋ, ವಿ9 ಮಾತ್ರ ಹಿಡಿಯುವುದು ಬೇಕೋ? ಎರಡರ ಫಲಿತಾಂಶವನ್ನು ಒಂದೇ ಕೋಷ್ಟಕದಲ್ಲಿಟ್ಟು ಹೋಲಿಸುವಂತಿಲ್ಲ. ಇನ್ನೊಂದು ಎಚ್ಚರಿಕೆ: ಹೆಲಿಕೋಬ್ಯಾಕ್ಟರ್ ಸೋಂಕಿನಿಂದ ರೂಪ ಬದಲಿಸಿಕೊಂಡ, ಇನ್ನೂ ಕ್ಯಾನ್ಸರ್ ಆಗದ ಒಳಪದರದಲ್ಲೂ ವಿ9 ಕಾಣುತ್ತದೆ. ಗಡ್ಡೆಯ ಅಂಚಿನ ಸ್ಲೈಡ್ ಓದುವಾಗ ಇದು ನೆನಪಿನಲ್ಲಿರಲಿ.

ಎಎಲ್‌ಡಿಎಚ್ (ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಕಿಣ್ವ) ಗುರುತು ಎನ್ನುವುದಕ್ಕಿಂತ ಚಟುವಟಿಕೆ ಎನ್ನುವುದೇ ಸರಿ. ಮಾನವನಲ್ಲಿ ಈ ಕಿಣ್ವ ಕುಟುಂಬದ 19 ಜೀನ್‌ಗಳಿವೆ. ಕಿಣ್ವ ಕೆಲಸ ಮಾಡಿದ ಕೋಶವನ್ನು ಹೊಳೆಯಿಸುವ ಆಲ್ಡಿಫ್ಲೋರ್ ಪರೀಕ್ಷೆ ಅವುಗಳಲ್ಲಿ ಹಲವದರ ಒಟ್ಟು ಕೆಲಸವನ್ನು ಅಳೆಯುತ್ತದೆ. ಹಾಗಾಗಿ ಈ ಪರೀಕ್ಷೆಯಲ್ಲಿ ಹೊಳೆದ ಕೋಶವನ್ನು ಆ ಕುಟುಂಬದ ಒಂದೇ ಕಿಣ್ವದ ಹೆಸರಿನಲ್ಲಿ 'ಎಎಲ್‌ಡಿಎಚ್1ಎ1 ಪಾಸಿಟಿವ್' ಎಂದು ಬರೆಯಬಾರದು.

ಪೊರೆಯ ಇನ್ನೊಂದು ಪ್ರೋಟೀನಾದ ಸಿಡಿ133ರ ತೊಡಕೇ ಬೇರೆ. ಎಸಿ133 ಎಂಬ ಪ್ರಸಿದ್ಧ ಕ್ಲೋನ್ ಹಿಡಿಯುವ ಭಾಗವು ಪ್ರೋಟೀನಿಗೆ ಅಂಟಿದ ಸಕ್ಕರೆಗಳನ್ನು ಅವಲಂಬಿಸಿದೆ. ಆ್ಯಂಟಿಬಾಡಿ ಹಿಡಿಯದಿದ್ದರೂ ಪ್ರೋಟೀನ್ ಇರಬಹುದು, ಆರ್‌ಎನ್‌ಎ ಅಂತೂ ಇದ್ದೇ ಇರಬಹುದು. ಕ್ಲೋನ್ ಹೆಸರು ಬರೆಯದ ಸಿಡಿ133 ಅಂಕಿಯನ್ನು ನಂಬಬೇಡಿ.

ಎಲ್‌ಜಿಆರ್5 ಎಂಬ ಪೊರೆಯ ಗ್ರಾಹಿಗೆ ಜೀವಶಾಸ್ತ್ರದ ಬೆಂಬಲ ಚೆನ್ನಾಗಿದೆ. ಇಲಿಯ ಜಠರದ ಕೆಳತುದಿಯ ಗ್ರಂಥಿಗಳಲ್ಲಿ ಸಹಜ ಕಾಂಡಕೋಶಗಳನ್ನು ಇದು ತೋರಿಸುತ್ತದೆ ಎಂದು 2010ರಲ್ಲಿ ಖಚಿತವಾಯಿತು. ಆದರೆ ಮಾನವ ಅಂಗಾಂಶದಲ್ಲಿ ಇದರ ಪ್ರಮಾಣ ತೀರಾ ಕಡಿಮೆ, ಆ್ಯಂಟಿಬಾಡಿಗಳ ಗುಣಮಟ್ಟವೂ ಅಷ್ಟಕ್ಕಷ್ಟೇ. ಸ್ಲೈಡಿನ ಮೇಲೆ ನೋಡಬೇಕಿದ್ದರೆ ಆರ್‌ಎನ್‌ಎಯನ್ನೇ ಅಲ್ಲಲ್ಲೇ ಗುರುತಿಸುವ ಇನ್ ಸಿಟು ಹೈಬ್ರಿಡೈಸೇಶನ್ ವಿಧಾನ ಹಿಡಿಯಿರಿ.

ಜೀನ್‌ಗಳನ್ನು ನಿಯಂತ್ರಿಸುವ ಸಾಕ್ಸ್2 ಪ್ರೋಟೀನಿನ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಬೇರೆ ಅಂಗಗಳಲ್ಲಿ ಅದು ಕಾಂಡತನದ ಸೂಚನೆ ಇರಬಹುದು. ಜಠರದ ಸಹಜ ಒಳಪದರದಲ್ಲಿ ಅದು ಮೊದಲೇ ಇದೆ. ಒಳಪದರ ಕರುಳಿನ ರೂಪಕ್ಕೆ ತಿರುಗಿದಾಗ ಸಾಕ್ಸ್2 ಇಳಿದು, ಕರುಳಿನ ಕೋಶಗಳ ಪ್ರೋಟೀನಾದ ಸಿಡಿಎಕ್ಸ್2 ಏರುತ್ತದೆ.

ಆರಂಭಕ್ಕೆ ಎಪ್‌ಕ್ಯಾಮ್ (ಒಳಪದರ ಮೂಲದ ಕೋಶಗಳ ಪೊರೆಯ ಪ್ರೋಟೀನ್), ಸಿಡಿ44 ಮತ್ತು ಆಲ್ಡಿಫ್ಲೋರ್ ಈ ಮೂರರ ಜೋಡಿ ಸಾಕು. ಹತ್ತು ಗುರುತುಗಳ ಪಟ್ಟಿ ಇಟ್ಟುಕೊಂಡರೆ ಆ್ಯಂಟಿಬಾಡಿಗಳ ಖರ್ಚು ಏರುತ್ತದೆ, ಪ್ರತಿ ಗೇಟಿನಲ್ಲೂ (ಕೋಶಗಳನ್ನು ಆರಿಸಲು ಹೊಳಪಿನ ನಕ್ಷೆಯಲ್ಲಿ ಎಳೆಯುವ ಗಡಿ) ಉಳಿಯುವ ಕೋಶಗಳು ಕರಗುತ್ತವೆ.

ಹಂತ 1: ಕೋಶಗಳ ಮೂಲ ಪರೀಕ್ಷಿಸಿ

ಕೋಶಸಾಲು ಬಳಸುವವರು ಮೊದಲು ಎಸ್‌ಟಿಆರ್ ಪ್ರೊಫೈಲ್ (ಡಿಎನ್‌ಎ ಬೆರಳಚ್ಚು) ಮಾಡಿಸಿ. ಜಠರ ಕ್ಯಾನ್ಸರ್ ಎಂಬ ಹೆಸರಿನಲ್ಲಿ ಓಡಾಡುವ ಬಿಜಿಸಿ-823, ಎಸ್‌ಜಿಸಿ-7901, ಎಂಜಿಸಿ-803 ಸಾಲುಗಳು, 'ಸಹಜ ಜಠರ ಕೋಶ' ಎಂದು ಹೋಲಿಕೆಗೆ ಬಳಸುವ ಜಿಇಎಸ್-1, ಇವೆಲ್ಲ ಅಸಲಿಗೆ ಗರ್ಭಕಂಠದ ಹೀಲಾ ಕೋಶಗಳಿಂದ ಕಲಬೆರಕೆಯಾದವು. ಎಂಕೆಎನ್-28 ಎನ್ನುವುದು ಎಂಕೆಎನ್-74ರದೇ ಇನ್ನೊಂದು ಹೆಸರು. ಎರಡನ್ನೂ ಇಟ್ಟುಕೊಂಡು 'ಎರಡು ಸಾಲುಗಳಲ್ಲಿ ಒಂದೇ ಫಲಿತಾಂಶ' ಎಂದರೆ ಒಬ್ಬನನ್ನೇ ಎರಡು ಸಲ ಸಾಕ್ಷಿಗೆ ಕರೆದಂತೆ. ಕೋಶಗಳಿಗೆ ಕಾಣದಂತೆ ತಗಲುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಪರೀಕ್ಷೆ ತಿಂಗಳಿಗೊಮ್ಮೆ ನಡೆಯಲಿ.

ರೋಗಿಯ ಅಂಗಾಂಶವಾದರೆ ನೈತಿಕ ಸಮಿತಿಯ ಅನುಮತಿ ಮತ್ತು ರೋಗಿಯ ಲಿಖಿತ ಒಪ್ಪಿಗೆ ಮೊದಲೇ ಇರಬೇಕು. ಯಾವ ತುಣುಕು ಸಿಗಬಹುದು ಎಂಬುದನ್ನು ರೋಗನಿದಾನ ವೈದ್ಯರೇ ಹೇಳಬೇಕು. ಸತ್ತ ನಡುಭಾಗ ಬೇಡ, ಗಡ್ಡೆಯ ಬೆಳೆಯುತ್ತಿರುವ ಅಂಚು ಬೇಕು. ಲಾರೆನ್ 1965ರಲ್ಲಿ ಕೊಟ್ಟ ವರ್ಗೀಕರಣದ ಪ್ರಕಾರ ಅದು ಕರುಳು ಮಾದರಿಯೋ ಚದುರಿದ ಮಾದರಿಯೋ ಎಂದು ಬರೆದಿಟ್ಟುಕೊಳ್ಳಿ. ಚದುರಿದ ಮಾದರಿಯಲ್ಲಿ ಆಧಾರ ಅಂಗಾಂಶ ಹೆಚ್ಚು, ಕ್ಯಾನ್ಸರ್ ಕೋಶ ಕಡಿಮೆ. ಒಂದೇ ತೂಕದ ತುಣುಕಿನಿಂದ ಸಿಗುವ ಫಸಲು ಎರಡರಲ್ಲೂ ಒಂದೇ ಆಗಿರುವುದಿಲ್ಲ.

ಹಂತ 2: ಗಡ್ಡೆಯಿಂದ ಬಿಡಿ ಕೋಶಗಳಿಗೆ

ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ತಣ್ಣನೆಯ ಮಾಧ್ಯಮದಲ್ಲಿ, ಮಂಜುಗಡ್ಡೆಯ ಮೇಲೆ, ಸಾಧ್ಯವಾದರೆ ಒಂದು ಗಂಟೆಯೊಳಗೆ ತರಿಸಿ. ಜಠರ ಸೂಕ್ಷ್ಮಾಣುಗಳ ತಾಣ. ಮಾಧ್ಯಮಕ್ಕೆ ಪ್ರತಿ ಮಿ.ಲೀ.ಗೆ ಪೆನಿಸಿಲಿನ್ 100 ಯೂನಿಟ್, ಸ್ಟ್ರೆಪ್ಟೊಮೈಸಿನ್ 100 ಮೈಕ್ರೋಗ್ರಾಂ, ಆಂಫೊಟೆರಿಸಿನ್ ಬಿ 2.5 ಮೈಕ್ರೋಗ್ರಾಂ ಇರಲಿ. ಈ ದ್ರಾವಣದಲ್ಲಿ ತುಣುಕನ್ನು ಮೂರರಿಂದ ಐದು ಸಲ ತೊಳೆಯಿರಿ. ಲೋಳೆ ದಪ್ಪಗಿದ್ದರೆ ಲೋಳೆ ಸಡಿಲಿಸುವ ಡಿಟಿಟಿಯ 1 ಮಿಲಿಮೋಲಾರ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಆಡಿಸಿ ತೊಳೆಯಿರಿ. ಲೋಳೆ ಉಳಿದರೆ ಕಿಣ್ವ ಒಳಗಿಳಿಯುವುದಿಲ್ಲ, ಜರಡಿಯೂ ಕಟ್ಟಿಕೊಳ್ಳುತ್ತದೆ.

ತುಣುಕನ್ನು ಸ್ಕಾಲ್ಪೆಲ್‌ನಿಂದ 1–2 ಮಿ.ಮೀ. ಗಾತ್ರಕ್ಕೆ ಕೊಚ್ಚಿ. ಪ್ರತಿ ಮಿ.ಲೀ.ಗೆ 1–2 ಮಿ.ಗ್ರಾಂ ಕೊಲಾಜಿನೇಸ್ IV (ಅಂಗಾಂಶ ಬಿಡಿಸುವ ಕಿಣ್ವ), ಜೊತೆಗೆ 50–100 ಮೈಕ್ರೋಗ್ರಾಂ ಡಿಎನ್‌ಏಸ್ I (ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕಿ 37 ಡಿಗ್ರಿಯಲ್ಲಿ ಅಲುಗಾಡಿಸುತ್ತಿರಿ. 30 ನಿಮಿಷದ ನಂತರ ಪ್ರತಿ ಹತ್ತು ನಿಮಿಷಕ್ಕೆ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಹೆಚ್ಚಿನವು ಬಿಡಿಯಾದ ಕೂಡಲೇ ನಿಲ್ಲಿಸಿ. ಗಡಿಯಾರವನ್ನಲ್ಲ, ಹನಿಯನ್ನು ನೋಡಿ ನಿಲ್ಲಿಸಬೇಕು.

ಬೇಗ ಮುಗಿಯಲಿ ಎಂದು ಟ್ರಿಪ್ಸಿನ್ ಸುರಿಯಬೇಡಿ. ಅದು ಪೊರೆಯ ಮೇಲಿನ ಪ್ರೋಟೀನುಗಳನ್ನೇ ಕತ್ತರಿಸುತ್ತದೆ, ಹುಡುಕಬೇಕಾದ ಗುರುತು ಕೊಳವೆಯಲ್ಲೇ ಕಳೆದುಹೋಗುತ್ತದೆ. ಕೋಶಸಾಲುಗಳನ್ನು ತಟ್ಟೆಯಿಂದ ಎಬ್ಬಿಸಲೂ ಆಕ್ಯುಟೇಸ್ ಎಂಬ ಮೃದು ಕಿಣ್ವ ಅಥವಾ 2 ಮಿಲಿಮೋಲಾರ್ ಇಡಿಟಿಎ (ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಡುವ ವಸ್ತು) ಉತ್ತಮ. ಹೊಸ ಕೊಲಾಜಿನೇಸ್ ಲಾಟ್ ಬಂದಾಗಲೂ ಒಂದು ಪರೀಕ್ಷೆ ಕಡ್ಡಾಯ: ಇಡಿಟಿಎಯಿಂದ ಎಬ್ಬಿಸಿದ ಕೋಶಸಾಲನ್ನು ಎರಡು ಪಾಲು ಮಾಡಿ, ಒಂದನ್ನು ಕಿಣ್ವದಲ್ಲಿ 45 ನಿಮಿಷ ಇಟ್ಟು, ಎರಡರಲ್ಲೂ ಸಿಡಿ44 ಹೊಳಪು ಅಳೆಯಿರಿ. ಹೊಳಪು ಕುಸಿದಿದ್ದರೆ ಆ ಲಾಟ್ ಬೇಡ.

ನಂತರ 70, ಆಮೇಲೆ 40 ಮೈಕ್ರಾನ್ ಜರಡಿ. ಕೆಂಪು ರಕ್ತಕಣಗಳಿದ್ದರೆ ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಒಡೆದು ತೊಳೆಯಿರಿ. ಕೋಶಗಳು ದಾರದಂತೆ ಅಂಟಿಕೊಂಡರೆ ಕಾರಣ ಸತ್ತ ಕೋಶಗಳಿಂದ ಸೋರಿದ ಡಿಎನ್‌ಎ. ಡಿಎನ್‌ಏಸ್‌ಗೆ ಮೆಗ್ನೀಸಿಯಂ ಬೇಕು ಎಂಬುದನ್ನು ಮರೆತು ಇಡಿಟಿಎ ಇರುವ ಬಫರ್‌ನಲ್ಲಿ ಅದನ್ನು ಹಾಕಿದರೆ ಪ್ರಯೋಜನವಿಲ್ಲ. ಸತ್ತ ಕೋಶಗಳಿಗೆ ಮಾತ್ರ ಹಿಡಿಯುವ ಟ್ರಿಪಾನ್ ನೀಲಿಯಲ್ಲಿ ನೋಡಿದಾಗ ಬದುಕಿರುವ ಕೋಶಗಳು ಶೇ. 70ಕ್ಕಿಂತ ಕಡಿಮೆ ಇದ್ದರೆ ಅಂದಿನ ಮಾದರಿಯಿಂದ ಶೇಕಡಾವಾರು ಲೆಕ್ಕ ಹೇಳದಿರುವುದೇ ವಾಸಿ.

ಹಂತ 3: ಆಲ್ಡಿಫ್ಲೋರ್, ಆಮೇಲೆ ಆ್ಯಂಟಿಬಾಡಿ

ಕ್ರಮ ಮುಖ್ಯ. ಆಲ್ಡಿಫ್ಲೋರ್ ಮೊದಲು, ಏಕೆಂದರೆ ಅದಕ್ಕೆ 37 ಡಿಗ್ರಿ ಶಾಖ ಬೇಕು. ಆ್ಯಂಟಿಬಾಡಿ ನಂತರ, ಮಂಜುಗಡ್ಡೆಯ ಮೇಲೆ.

ಪರೀಕ್ಷಾ ಬಫರ್‌ನ 1 ಮಿ.ಲೀ.ಗೆ 10 ಲಕ್ಷ ಕೋಶ. ಕಂಟ್ರೋಲ್ ಕೊಳವೆಗೆ ಮೊದಲು ಎಎಲ್‌ಡಿಎಚ್ ಕಿಣ್ವವನ್ನು ತಡೆಯುವ ಡಿಇಎಬಿ 5 ಮೈಕ್ರೋಲೀಟರ್ ಹಾಕಿ ಮುಚ್ಚಳ ಬಿಗಿಮಾಡಿ. ಅದು ಆಲ್ಕೊಹಾಲ್‌ನಲ್ಲಿ ಕರಗಿರುವುದರಿಂದ ಬೇಗ ಆರುತ್ತದೆ. ಈಗ ಪರೀಕ್ಷಾ ಕೊಳವೆಯ 1 ಮಿ.ಲೀ.ಗೆ ಸಕ್ರಿಯಗೊಳಿಸಿದ ಸಬ್‌ಸ್ಟ್ರೇಟ್ 5 ಮೈಕ್ರೋಲೀಟರ್ ಹಾಕಿ ಕಲಕಿ, ತಕ್ಷಣ ಅದರಿಂದ ಅರ್ಧ ಮಿ.ಲೀ. ತೆಗೆದು ಡಿಇಎಬಿ ಕೊಳವೆಗೆ ಸೇರಿಸಿ. 'ತಕ್ಷಣ' ಎಂದರೆ ಸೆಕೆಂಡುಗಳ ಮಾತು. ತಡವಾದಷ್ಟೂ ಕಿಣ್ವ ಕೆಲಸ ಶುರುಮಾಡಿ ಕಂಟ್ರೋಲ್ ಕೊಳವೆಯೂ ಹೊಳೆಯತೊಡಗುತ್ತದೆ, ಗೇಟ್ ಇಡಲು ಜಾಗವೇ ಇರುವುದಿಲ್ಲ. 37 ಡಿಗ್ರಿಯಲ್ಲಿ 30–45 ನಿಮಿಷ ಇಡಿ. ಹೊಸ ಮಾದರಿಗೆ ಎಷ್ಟು ಹೊತ್ತು ಸರಿ ಎಂಬುದನ್ನು ಮೊದಲೇ ಪರೀಕ್ಷಿಸಿ ನಿರ್ಧರಿಸಿ.

ಇಲ್ಲಿಂದ ಮುಂದೆ ಎಲ್ಲ ತೊಳೆತ, ಎಲ್ಲ ಆ್ಯಂಟಿಬಾಡಿ ಅದೇ ಪರೀಕ್ಷಾ ಬಫರ್‌ನಲ್ಲೇ, ತಣ್ಣಗೆ. ಹೊಳೆಯುವ ವಸ್ತುವನ್ನು ಹೊರಹಾಕುವ ಪಂಪುಗಳನ್ನು ಆ ಬಫರ್ ತಡೆದಿಟ್ಟಿರುತ್ತದೆ. ಸಾಮಾನ್ಯ ಪಿಬಿಎಸ್‌ಗೆ ಬದಲಿಸಿದರೆ ಅರ್ಧ ಗಂಟೆಯಲ್ಲಿ ಹೊಳಪು ಸೋರಿಹೋಗುತ್ತದೆ.

100 ಮೈಕ್ರೋಲೀಟರ್‌ನಲ್ಲಿ 10 ಲಕ್ಷ ಕೋಶಕ್ಕೆ ಮೊದಲು ಎಫ್‌ಸಿ ಬ್ಲಾಕ್ (ಆ್ಯಂಟಿಬಾಡಿ ತಪ್ಪು ಕಡೆ ಅಂಟದಂತೆ ತಡೆಯುವುದು) 10 ನಿಮಿಷ, ನಂತರ ಆ್ಯಂಟಿಬಾಡಿಗಳು 20–30 ನಿಮಿಷ, ಕತ್ತಲಲ್ಲಿ. ಆಲ್ಡಿಫ್ಲೋರ್ ಹಸಿರು ಚಾನಲ್ ಹಿಡಿದಿರುವುದರಿಂದ ಯಾವ ಆ್ಯಂಟಿಬಾಡಿಯೂ ಹಸಿರಾಗಿ ಹೊಳೆಯುವ ಎಫ್‌ಐಟಿಸಿ ಬಣ್ಣದ್ದಾಗಿರಬಾರದು. ಸಿಡಿ44ಗೆ ಎಪಿಸಿ ಬಣ್ಣ, ಎಪ್‌ಕ್ಯಾಮ್‌ಗೆ ಪಿಇ ಬಣ್ಣ ಹೊಂದುತ್ತವೆ. ಸಿಡಿ45 (ಬಿಳಿ ರಕ್ತಕಣ), ಸಿಡಿ31 (ರಕ್ತನಾಳದ ಕೋಶ), ಸಿಡಿ235ಎ (ಕೆಂಪು ರಕ್ತಕಣ) ಆ್ಯಂಟಿಬಾಡಿ ಮೂರನ್ನೂ ಇನ್ನೊಂದು ಒಂದೇ ಬಣ್ಣದಲ್ಲಿ ಹಾಕಿ, ಆ ಬಣ್ಣದ ಕೋಶಗಳನ್ನೆಲ್ಲ ಹೊರಗಿಡಿ. ಈ ಹೆಜ್ಜೆಯನ್ನು ಬಿಟ್ಟವರ ಅಂಕಿಗಳೇ ಸಾಮಾನ್ಯವಾಗಿ ಕಣ್ಣು ಕುಕ್ಕುವಷ್ಟು ದೊಡ್ಡದಿರುತ್ತವೆ. ಲಿಂಫೋಸೈಟ್‌ಗಳ ಮೇಲೂ ಆಧಾರ ಅಂಗಾಂಶದ ಫೈಬ್ರೊಬ್ಲಾಸ್ಟ್‌ಗಳ ಮೇಲೂ ಸಿಡಿ44 ದಂಡಿಯಾಗಿದೆ. 'ಗಡ್ಡೆಯ ಶೇ. 40 ಕಾಂಡಕೋಶ' ಎಂಬಂತಹ ಅಂಕಿ ಬಂದರೆ ಎಣಿಸಿದ್ದು ರೋಗಿಯ ರೋಗನಿರೋಧಕ ಕೋಶಗಳನ್ನೇ ಇರಬಹುದು.

ಕಂಟ್ರೋಲ್‌ಗಳು: ಬಣ್ಣವಿಲ್ಲದ್ದು, ಒಂದೊಂದೇ ಬಣ್ಣದವು, ಮತ್ತು ಒಂದು ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದವು. ಗೇಟಿನ ಗಡಿ ತೀರ್ಮಾನಿಸುವುದು ಕೊನೆಯ ಬಗೆ. ಐಸೊಟೈಪ್ ಕಂಟ್ರೋಲ್ (ಯಾವ ಗುರಿಯೂ ಇಲ್ಲದ ಆ್ಯಂಟಿಬಾಡಿ) ನೋಡಿ ಗೇಟ್ ಎಳೆಯುವ ಹಳೆಯ ಅಭ್ಯಾಸ ಬಿಡಿ.

ಹಂತ 4: ಗೇಟ್ ಮತ್ತು ಲೆಕ್ಕ

ಕ್ರಮ ಹೀಗಿರಲಿ: ಕಸ ಬಿಟ್ಟು ಕೋಶಗಳು, ಜೋಡಿಗಳನ್ನು ಬಿಟ್ಟು ಒಂಟಿ ಕೋಶಗಳು, ಡ್ಯಾಪಿ ಅಥವಾ 7-ಎಎಡಿ ಬಣ್ಣ ಹೀರಿದ ಸತ್ತವುಗಳನ್ನು ಬಿಟ್ಟು ಬದುಕಿದವು, ಹೊರಗಿಡಬೇಕಾದ ಬಣ್ಣ ಇಲ್ಲದವು, ಎಪ್‌ಕ್ಯಾಮ್ ಇರುವವು. ಕೊನೆಗೆ ಸಿಡಿ44 ಮತ್ತು ಎಎಲ್‌ಡಿಎಚ್.

ಎಷ್ಟು ಕೋಶ ಓಡಿಸಬೇಕು? ಎಣಿಕೆಯ ಏರುಪೇರು ಎಣಿಸಿದ ಸಂಖ್ಯೆಯ ವರ್ಗಮೂಲದಷ್ಟು. 100 ಸಿಕ್ಕರೆ ಅನಿಶ್ಚಿತತೆ ಶೇ. 10, 500 ಸಿಕ್ಕರೆ ಸುಮಾರು ಶೇ. 4.5. ಗುರಿಯ ಕೋಶ ಶೇ. 0.5 ಇದ್ದು 500 ಬೇಕಿದ್ದರೆ ಎಲ್ಲ ಗೇಟ್ ದಾಟಿದ 1 ಲಕ್ಷ ಎಪ್‌ಕ್ಯಾಮ್ ಕೋಶಗಳು ಬೇಕು. ಸಣ್ಣ ಬಯಾಪ್ಸಿಯಿಂದ ಇದು ಬಹುತೇಕ ಆಗದ ಮಾತು.

ಕೋಶಸಾಲುಗಳಲ್ಲಿ ಸಿಡಿ44 ಎರಡು ಗುಡ್ಡಗಳಾಗಿ ಒಡೆಯದೆ ಒಂದೇ ಉದ್ದನೆಯ ಇಳಿಜಾರಾಗಿ ಕಾಣುವುದು ಸಾಮಾನ್ಯ. ನಡುವೆ ಗೆರೆ ಎಳೆದು 'ಇದೆ', 'ಇಲ್ಲ' ಎನ್ನಬೇಡಿ. ಅತಿ ಹೊಳೆಯುವ ಶೇ. 10, ಅತಿ ಮಂಕಾದ ಶೇ. 10 ತೆಗೆದುಕೊಂಡು ನಡುವಿನದನ್ನು ಬಿಡಿ. ವರದಿಯಲ್ಲೂ 'ಹೆಚ್ಚು', 'ಕಡಿಮೆ' ಎಂದೇ ಬರೆಯಿರಿ.

ಬೇರ್ಪಡಿಸುವಾಗ 100 ಮೈಕ್ರಾನ್ ನಾಜಲ್, ಕಡಿಮೆ ಒತ್ತಡ. ಸಂಗ್ರಹಿಸಿದ್ದರಲ್ಲಿ ಒಂದು ಪಾಲನ್ನು ಮತ್ತೆ ಯಂತ್ರಕ್ಕೆ ಕೊಟ್ಟು ಶುದ್ಧತೆ ಅಳೆಯಿರಿ. ಶೇ. 98 ಎಂದರೆ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ: ಸಿಡಿ44 ಕಡಿಮೆ ಇರುವ 10,000 ಕೋಶಗಳಲ್ಲಿ ಶೇ. 2, ಅಂದರೆ 200 ಕೋಶ ಸಿಡಿ44 ಹೆಚ್ಚಿರುವ ಗುಂಪಿನವು. ಆ ಗುಂಪಿನಲ್ಲಿ 50ಕ್ಕೊಂದು ನಿಜವಾದ ಕಾಂಡಕೋಶ ಎಂದಿಟ್ಟುಕೊಂಡರೆ, 'ಕಡಿಮೆ' ಎಂದು ಇಲಿಗೆ ಚುಚ್ಚಿದ ದ್ರವದಲ್ಲೇ ನಾಲ್ಕು ಕಾಂಡಕೋಶಗಳಿವೆ! ಅಲ್ಲಿ ಗಡ್ಡೆ ಬೆಳೆದರೆ ಆಶ್ಚರ್ಯವೇನು?

ಹಂತ 5: ಗೋಳ ಪರೀಕ್ಷೆ

ಸೀರಂ ಇಲ್ಲದ ಡಿಎಂಇಎಂ/ಎಫ್12 ಮಾಧ್ಯಮ, ಬಿ27 ಪೂರಕ (50 ಪಟ್ಟು ದ್ರಾವಣದಿಂದ 1 ಪಟ್ಟಿಗೆ ಇಳಿಸಿ), ಪ್ರತಿ ಮಿ.ಲೀ.ಗೆ ಬೆಳವಣಿಗೆಯ ಅಂಶಗಳಾದ ಇಜಿಎಫ್ 20 ನ್ಯಾನೋಗ್ರಾಂ, ಬಿಎಫ್‌ಜಿಎಫ್ 10–20 ನ್ಯಾನೋಗ್ರಾಂ, ಹೆಪಾರಿನ್ 4 ಮೈಕ್ರೋಗ್ರಾಂ. ಕೋಶ ಅಂಟದ ತಟ್ಟೆ. ಪ್ರತಿ ಮಿ.ಲೀ.ಗೆ 500–1,000 ಕೋಶ ಮೀರಬೇಡಿ. ಮೂರು ದಿನಕ್ಕೊಮ್ಮೆ ಬೆಳವಣಿಗೆಯ ಅಂಶಗಳನ್ನು ಮೆಲ್ಲಗೆ ಸೇರಿಸಿ, ಮಾಧ್ಯಮ ಬದಲಿಸಬೇಡಿ. 10–14 ದಿನಕ್ಕೆ 50 ಮೈಕ್ರಾನ್‌ಗಿಂತ ದೊಡ್ಡ ಗೋಳಗಳನ್ನು ಎಣಿಸಿ. 1,000 ಕೋಶ ಬಿತ್ತಿ 12 ಗೋಳ ಬಂದರೆ ದಕ್ಷತೆ ಶೇ. 1.2.

ಗೋಳ ಎಂದರೆ ಒಂದು ಕೋಶದಿಂದ ಬೆಳೆದದ್ದು ಎಂದು ಭಾವಿಸುತ್ತೇವೆ. ಆದರೆ ಒತ್ತಾಗಿ ಬಿತ್ತಿದರೆ ಕೋಶಗಳು ಒಂದಕ್ಕೊಂದು ಅಂಟಿ ಒಂದೇ ರಾತ್ರಿಯಲ್ಲಿ 'ಗೋಳ' ಕಟ್ಟುತ್ತವೆ. ಪರೀಕ್ಷೆ ಸುಲಭ: ಕೆಂಪು ಮತ್ತು ಹಸಿರು ಬಣ್ಣ ಕೊಟ್ಟ ಕೋಶಗಳನ್ನು ಸಮವಾಗಿ ಬೆರೆಸಿ ಬಿತ್ತಿ. ಎರಡು ಬಣ್ಣದ ಗೋಳಗಳು ಹೆಚ್ಚು ಕಂಡರೆ ಅದು ಗುಂಪುಗೂಡಿದ್ದು, ಬೆಳೆದದ್ದಲ್ಲ. ಆಗ ಶೇ. 1 ಮೀಥೈಲ್‌ಸೆಲ್ಯುಲೋಸ್ ಸೇರಿಸಿ ಅಥವಾ 96 ಗುಂಡಿಗಳ ತಟ್ಟೆಯಲ್ಲಿ ಗುಂಡಿಗೊಂದು ಕೋಶ ಬಿತ್ತಿ. ಅಂಚಿನ ಗುಂಡಿಗಳು ಬೇಗ ಒಣಗುತ್ತವೆ, ಅವುಗಳಲ್ಲಿ ಪಿಬಿಎಸ್ ಮಾತ್ರ ತುಂಬಿ. ಕಾಟೊ III ತರಹದ, ಸಹಜವಾಗಿಯೇ ಅರ್ಧ ತೇಲುತ್ತ ಬೆಳೆಯುವ ಸಾಲುಗಳಲ್ಲಿ ಈ ಪರೀಕ್ಷೆಗೆ ಅರ್ಥ ಕಡಿಮೆ.

ಕೋಶ ಸಾಯುವುದನ್ನು ತಡೆಯಲು ವೈ-27632 ಎಂಬ ಕಿಣ್ವರೋಧಕವನ್ನು 10 ಮೈಕ್ರೋಮೋಲಾರ್ ಹಾಕುವವರಿದ್ದಾರೆ. ಹಾಕಿ, ಆದರೆ ಎಲ್ಲ ಗುಂಪಿಗೂ ಒಂದೇ ಪ್ರಮಾಣ, ಒಂದೇ ಅವಧಿ.

ಮೊದಲ ಸುತ್ತಿನ ಗೋಳಗಳಿಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ಆಕ್ಯುಟೇಸ್‌ನಲ್ಲಿ 5–10 ನಿಮಿಷ ಒಡೆದು, ಅಷ್ಟೇ ಸಾಂದ್ರತೆಯಲ್ಲಿ ಎರಡನೇ, ಮೂರನೇ ಸಲ ಬಿತ್ತಿ. ಸುತ್ತಿನಿಂದ ಸುತ್ತಿಗೆ ದಕ್ಷತೆ ಉಳಿದರೆ ಸ್ವಯಂನವೀಕರಣದ ಮಾತಾಡಬಹುದು. ಇಳಿಯುತ್ತಾ ಹೋಗಿ ನಿಂತರೆ, ಕಂಡದ್ದು ಸ್ವಲ್ಪ ಕಾಲ ಜೋರಾಗಿ ವಿಭಜಿಸುವ ಮಧ್ಯಂತರ ಕೋಶಗಳು.

ಹಂತ 6: ಸ್ಲೈಡ್ ಮತ್ತು ಆರ್‌ಎನ್‌ಎ

ಗಡ್ಡೆಯ ತುಣುಕು ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ 6–24 ಗಂಟೆ, 4 ಮೈಕ್ರಾನ್ ಸೀಳು, ಪಿಎಚ್ 6 ಸಿಟ್ರೇಟ್ ಅಥವಾ ಪಿಎಚ್ 9 ಇಡಿಟಿಎಯಲ್ಲಿ 95–98 ಡಿಗ್ರಿ 20 ನಿಮಿಷ, ಶೇ. 3 ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ಆ್ಯಂಟಿಬಾಡಿ 4 ಡಿಗ್ರಿಯಲ್ಲಿ ರಾತ್ರಿಯಿಡೀ, ನಂತರ ಕಂದು ಬಣ್ಣ ಕೊಡುವ ಡ್ಯಾಬ್. ಸಿಡಿ44ಗೆ ಒಳಗೇ ಕಂಟ್ರೋಲ್ ಇದೆ: ಸ್ಲೈಡಿನಲ್ಲಿರುವ ಲಿಂಫೋಸೈಟ್‌ಗಳು. ಅವೂ ಬಣ್ಣ ಹಿಡಿಯದಿದ್ದರೆ ಗಡ್ಡೆ ನೆಗೆಟಿವ್ ಅಲ್ಲ, ಪ್ರಯೋಗ ಕೆಟ್ಟಿದೆ. ಸಿಡಿ44 ಪೊರೆಯ ಸುತ್ತ ಉಂಗುರದಂತೆ ಕಾಣಬೇಕು. ಸಿಡಿ133 ಗ್ರಂಥಿಯ ಒಳಬಾಯಿಯ ಕಡೆ ಗೆರೆಯಾಗಿ ಕಾಣುತ್ತದೆ.

ಆರ್‌ಎನ್‌ಎ ಅಳೆಯುವ ಪಿಸಿಆರ್‌ನಲ್ಲಿ, ಕಾಂಡತನದ ಗುರುತೆನ್ನುವ ಆಕ್ಟ್4 ದೊಡ್ಡ ಬಲೆ. ಆ ಜೀನ್‌ಗೆ ಹಲವು ಹುಸಿಜೀನ್‌ಗಳಿವೆ (ಜೀನ್‌ನಂತೆಯೇ ಕಾಣುವ ನಕಲುಗಳು), ಬೇರೆ ಜೋಡಣೆಯ ರೂಪಗಳೂ ಇವೆ. ಕಾಂಡತನಕ್ಕೆ ಸಂಬಂಧಿಸಿದ್ದು ಆಕ್ಟ್4ಎ ಮಾತ್ರ. ಅದಕ್ಕೇ ಹೊಂದುವ ಪ್ರೈಮರ್, ಡಿಎನ್‌ಏಸ್ ಉಪಚಾರ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಕೊಳವೆ, ಈ ಮೂರೂ ಇಲ್ಲದಿದ್ದರೆ ಬಂದ ಬ್ಯಾಂಡ್ ಯಾವುದರದೆಂದು ಹೇಳಲಾಗದು. ಅಂಥದೇ ಇನ್ನೊಂದು ಗುರುತಾದ ನ್ಯಾನಾಗ್‌ಗೂ ಇದೇ ಕಾಟವಿದೆ.

ಈ ಯಾವ ಗುರುತೂ ಇಂದು ಜಠರ ಕ್ಯಾನ್ಸರ್‌ನ ದಿನನಿತ್ಯದ ಚಿಕಿತ್ಸೆ ನಿರ್ಧರಿಸುವುದಿಲ್ಲ. ಅದಕ್ಕೆ ನೋಡುವುದು ಎಚ್‌ಇಆರ್2, ಮಿಸ್‌ಮ್ಯಾಚ್ ರಿಪೇರಿ ಪ್ರೋಟೀನುಗಳು, ಪಿಡಿ-ಎಲ್1, ಕ್ಲಾಡಿನ್ 18.2 ಇತ್ಯಾದಿ. ಸಂಶೋಧನೆಯ ಸಿಡಿ44 ಅಂಕಿಯನ್ನು ರೋಗಿಯ ವರದಿಗೆ ಸೇರಿಸಬೇಡಿ.

ಹಂತ 7: ಇಲಿಯಲ್ಲಿ ಕೋಶಗಳ ಸಂಖ್ಯೆ ಇಳಿಸುತ್ತಾ ಹೋಗುವ ಪರೀಕ್ಷೆ (ಲಿಮಿಟಿಂಗ್ ಡೈಲ್ಯೂಷನ್)

ಪ್ರಾಣಿ ನೈತಿಕ ಸಮಿತಿಯ ಅನುಮತಿ, ಗಡ್ಡೆಯ ಗರಿಷ್ಠ ಗಾತ್ರದ ಮಿತಿ, ಎರಡನ್ನೂ ಮೊದಲೇ ಬರೆದಿಡಿ. ಸಿಡಿ44 ಹೆಚ್ಚು, ಕಡಿಮೆ ಎರಡೂ ಗುಂಪಿಗೆ 10,000, 1,000, 100, 10 ಕೋಶಗಳ ಡೋಸ್, ಪ್ರತಿ ಡೋಸ್‌ಗೆ 6–8 ಇಲಿಗಳು. ಕೋಶದ ದ್ರವ ಮತ್ತು ಮ್ಯಾಟ್ರಿಜೆಲ್ (ಕೋಶಗಳಿಗೆ ಆಸರೆಯಾಗುವ ಪ್ರೋಟೀನ್ ಜೆಲ್) ಸಮಪಾಲು, ಒಟ್ಟು 100 ಮೈಕ್ರೋಲೀಟರ್. ಸಿರಿಂಜ್, ಸೂಜಿ, ಪಿಪೆಟ್ ತುದಿ ಎಲ್ಲವೂ ಮಂಜಿನಷ್ಟು ತಣ್ಣಗಿರಲಿ, ಇಲ್ಲವಾದರೆ ಮ್ಯಾಟ್ರಿಜೆಲ್ ಸೂಜಿಯಲ್ಲೇ ಗಟ್ಟಿಯಾಗುತ್ತದೆ. ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ತಿಳಿದಿರಬಾರದು. ಕಡಿಮೆ ಡೋಸ್‌ನ ಇಲಿಗಳನ್ನು ಆರು ತಿಂಗಳವರೆಗೂ ಕಾಯಬೇಕಾದೀತು.

ಲೆಕ್ಕದ ತಿರುಳು ಇಷ್ಟು: ಯಾವ ಡೋಸ್‌ನಲ್ಲಿ ಶೇ. 37ರಷ್ಟು ಚುಚ್ಚುಗಳಲ್ಲಿ ಗಡ್ಡೆ ಬರುವುದಿಲ್ಲವೋ, ಆ ಡೋಸ್‌ನಲ್ಲಿ ಸರಾಸರಿ ಒಂದು ಕಾಂಡಕೋಶವಿದೆ. 100 ಕೋಶಗಳಲ್ಲಿ ಹಾಗಾದರೆ ಆವರ್ತನ 100ಕ್ಕೆ 1. ಎಲ್ಲ ಡೋಸ್‌ಗಳನ್ನೂ ಸೇರಿಸಿ ಅಂದಾಜು, ವಿಶ್ವಾಸ ಮಿತಿ ಮತ್ತು ಗುಂಪುಗಳ ವ್ಯತ್ಯಾಸ ಪಡೆಯಲು 'ಎಲ್ಡಾ' ತಂತ್ರಾಂಶ ಸಾಕು. ಎಲ್ಲ ಡೋಸ್‌ನಲ್ಲೂ ಗಡ್ಡೆ ಬಂದರೆ ಅಥವಾ ಎಲ್ಲೂ ಬರದಿದ್ದರೆ ಡೋಸ್ ಆಯ್ಕೆ ತಪ್ಪಿದೆ ಎಂದರ್ಥ. ಇಲಿಯ ತಳಿಯೂ ಅಂಕಿ ಬದಲಿಸುತ್ತದೆ. 2008ರಲ್ಲಿ ಮೆಲನೋಮಾ ಕೋಶಗಳನ್ನು ರೋಗನಿರೋಧಕತೆ ಇನ್ನೂ ಕುಂದಿದ ಎನ್‌ಎಸ್‌ಜಿ ಇಲಿಗಳಿಗೆ ಕೊಟ್ಟಾಗ, ಅಪರೂಪ ಎಂದುಕೊಂಡಿದ್ದ ಗಡ್ಡೆ ಕಟ್ಟುವ ಕೋಶಗಳು ಸುಮಾರು ನಾಲ್ಕಕ್ಕೊಂದರಂತೆ ಸಿಕ್ಕವು. ತಳಿಯ ಹೆಸರಿಲ್ಲದ ಆವರ್ತನಕ್ಕೆ ಬೆಲೆಯಿಲ್ಲ.

ಬೆಳೆದ ಗಡ್ಡೆಯನ್ನು ಹಾಗೆಯೇ ನಂಬಬೇಡಿ. ರೋಗಿಯ ತುಣುಕಿನೊಂದಿಗೆ ಬಂದ ಬಿ ಲಿಂಫೋಸೈಟ್‌ಗಳು ಇಲಿಯಲ್ಲಿ ಲಿಂಫೋಮಾ ಆಗಿ ಬೆಳೆಯುವುದುಂಟು, ಅದರಲ್ಲೂ ಎಪ್‌ಸ್ಟೀನ್-ಬಾರ್ ವೈರಸ್ ಇದ್ದರೆ. ಸೈಟೋಕೆರಟಿನ್ (ಒಳಪದರ ಮೂಲದ ಕೋಶದ ಗುರುತು) ಮತ್ತು ಮಾನವ ಸಿಡಿ45 ಎರಡನ್ನೂ ನೋಡಿ. ಮತ್ತೆ ಫ್ಲೋಗೆ ಕೊಡುವಾಗ ಐಎಂ7 ಕ್ಲೋನ್ ಬೇಡ. ಅದು ಇಲಿಯ ಸಿಡಿ44 ಅನ್ನೂ ಹಿಡಿಯುತ್ತದೆ, ಇಲಿಯ ಕೋಶಗಳೇ 'ಪಾಸಿಟಿವ್' ಆಗುತ್ತವೆ. ಜಿ44-26ರಂತಹ ಮಾನವ ಸಿಡಿ44 ಕ್ಲೋನ್ ಬಳಸಿ, ಇಲಿಯ ಕೋಶಗಳನ್ನು ಇಲಿಯ ಕೋಶಗಳನ್ನಷ್ಟೇ ಹಿಡಿಯುವ ಎಚ್-2 ಆ್ಯಂಟಿಬಾಡಿಯಿಂದ ಹೊರಗಿಡಿ.

ಈಗ ನೋಡಬೇಕಾದದ್ದು ಎರಡು. ಸಿಡಿ44 ಹೆಚ್ಚಿರುವ ಕೋಶಗಳಿಂದ ಬಂದ ಗಡ್ಡೆಯಲ್ಲಿ ಸಿಡಿ44 ಕಡಿಮೆ ಇರುವ ಕೋಶಗಳೂ ಹುಟ್ಟಿವೆಯೇ? ಅದನ್ನು ಮತ್ತೆ ಬೇರ್ಪಡಿಸಿ ಎರಡನೇ ಇಲಿಗೆ ಕೊಟ್ಟಾಗಲೂ ಅದೇ ಆವರ್ತನ ಉಳಿಯುತ್ತದೆಯೇ? 'ಕಡಿಮೆ' ಗುಂಪಿನಿಂದಲೂ ಗಡ್ಡೆ ಬಂದು ಅದರಲ್ಲಿ ಸಿಡಿ44 ಮರಳಿದ್ದರೆ, ಮೊದಲು ಹಂತ 4ರ ಶುದ್ಧತೆಯ ಲೆಕ್ಕಕ್ಕೆ ಹಿಂತಿರುಗಿ. ಅದು ಸರಿಯಾಗಿದ್ದರೆ, ಅಂಟುವ ತಟ್ಟೆಯಲ್ಲಿ 'ಕಡಿಮೆ' ಕೋಶಗಳನ್ನು ಒಂದೊಂದಾಗಿ ಬೆಳೆಸಿ, ವಾರಕ್ಕೊಮ್ಮೆ ಸಿಡಿ44 ಅಳೆಯಿರಿ. ಒಂದೇ ಕೋಶದಿಂದ ಬಂದ ಗುಂಪಿನಲ್ಲೂ ಸಿಡಿ44 ಏರುತ್ತಿದ್ದರೆ ಆ ಗಡ್ಡೆಯಲ್ಲಿ ಬೋರ್ಡು ಮನೆಯಿಂದ ಮನೆಗೆ ಬದಲಾಗುತ್ತಿದೆ. ಆಗ ವರದಿಯಲ್ಲಿ 'ಸಿಡಿ44 ಕಾಂಡಕೋಶದ ಗುರುತು' ಎಂಬ ವಾಕ್ಯ ಹೊಡೆದುಹಾಕಿ, 'ಬೇರ್ಪಡಿಸಿದ ದಿನ ಸಿಡಿ44 ಹೆಚ್ಚಿದ್ದ ಕೋಶಗಳಲ್ಲಿ ಗಡ್ಡೆ ಕಟ್ಟುವ ಆವರ್ತನ ಇಷ್ಟು' ಎಂದು ಬರೆಯಿರಿ.